ಶಾಬ್ಲಿ ಎಂದು ಕುಡಿಸಿದ್ದು

ಆ ಸೋಮವಾರ ಮುಥೋನಿ ತರಗತಿಗೆ ತಡವಾಗಿ ಬಂದಳು. ವಿನ್ಸೆಂಟ್ ಲೋಬೊ ಬೋರ್ಡಿನ ಮೇಲೆ ಫ್ರಾನ್ಸ್ ದೇಶ ಬಿಡಿಸಿ, ಅದರ ಪೂರ್ವದ ಅಂಚಿನಲ್ಲಿ ವೋಜ್ ಬೆಟ್ಟಗಳ ಸಾಲನ್ನು ಗೀಚುತ್ತಿದ್ದ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಆ ಹೋಟೆಲ್ ತರಬೇತಿ ಕಾಲೇಜು ಶುರುವಾದಾಗಿನಿಂದ ವೈನ್ ಪಾಠ ಅವನದೇ. ಮಂಗಳೂರಿನ ಕುಲಶೇಖರದಿಂದ ಹೊರಟವನು ಪ್ರವಾಸಿ ಹಡಗುಗಳಲ್ಲಿ ವೈನ್ ಬಡಿಸುತ್ತ ಬೆಳೆದ. ಹಡಗು ಫ್ರಾನ್ಸಿನ ಬಂದರುಗಳಲ್ಲಿ ನಿಂತಾಗ ಜೊತೆಯವರು ಅಂಗಡಿ ಸುತ್ತಲು ಹೋದರೆ ಇವನು ಬಸ್ಸು ಹಿಡಿದು ದ್ರಾಕ್ಷಿ ತೋಟಗಳಿಗೆ ಹೋಗುತ್ತಿದ್ದ. ಆಮೇಲೆ ನೈರೋಬಿಯ ಹೋಟೆಲೊಂದಕ್ಕೆ ಕೆಲಸಕ್ಕೆ ಬಂದ, ಮದುವೆಯಾದ, ಇಲ್ಲೇ ಉಳಿದ. ಈಗ ವಯಸ್ಸು ಅರವತ್ತರ ಹತ್ತಿರ.

ಅವನು ಹೇಳುತ್ತಿದ್ದದ್ದು ಅಲ್ಸಾಸ್ ಪ್ರಾಂತ್ಯದ ಬಗ್ಗೆ. ಮೋಡ ಪಶ್ಚಿಮದಿಂದ ಬಂದು ವೋಜ್ ಬೆಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಸುರಿದುಹೋಗುತ್ತದೆ, ಬೆಟ್ಟದ ಆಚೆ ಬದಿಗೆ ಬರೀ ಬಿಸಿಲು ದಕ್ಕುತ್ತದೆ. ಅಷ್ಟು ಉತ್ತರದ ಚಳಿಯಲ್ಲೂ ಅಲ್ಲಿ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುವುದು ಅದಕ್ಕೇ. ನಮ್ಮೂರಿನ ಪಕ್ಕದ ಎನ್‌ಗಾಂಗ್ ಬೆಟ್ಟದ ಈಚೆ ಕರೆನ್ ಬಡಾವಣೆ ಹೇಗೆ ಹಸಿರಾಗಿದೆ, ಬೆಟ್ಟ ದಾಟಿ ಮಗಾಡಿ ಕಡೆ ಇಳಿದರೆ ಹೇಗೆ ನೆಲ ಒಣಗಿ ಬಿರುಕು ಬಿಟ್ಟಿದೆ, ನೆನಪು ಮಾಡಿಕೊಳ್ಳಿ ಎಂದ. ಹುಡುಗ ಹುಡುಗಿಯರು ತಲೆಯಾಡಿಸಿ ಬರೆದುಕೊಂಡರು. ಎಲ್ಲವನ್ನೂ ಅವರು ಕಂಡ ನೆಲಕ್ಕೆ ತಂದು ಕೂರಿಸಿ ಹೇಳುವುದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಮುಥೋನಿ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು ಇಂಗ್ಲಿಷಿನಲ್ಲಿ ಕೇಳಿದಳು. "ಸರ್, ನೀವು ನಮಗೆ ಶಾಬ್ಲಿ ಎಂದು ಏನು ಕುಡಿಸಿದಿರಿ?"

ಶನಿವಾರ ಅವಳು ವೆಸ್ಟ್‌ಲ್ಯಾಂಡ್ಸ್‌ನ ದೊಡ್ಡ ಹೋಟೆಲೊಂದಕ್ಕೆ ಕೆಲಸದ ಪರೀಕ್ಷೆಗೆ ಹೋಗಿದ್ದಳು. ಆ ಸಾಲಿನ ವಿದ್ಯಾರ್ಥಿಗಳಲ್ಲಿ ಅವಳೇ ಮುಂದು. ಅವಳಿಗೆ ಕೆಲಸ ಸಿಕ್ಕೇ ಸಿಗುತ್ತದೆಂದು ವಿನ್ಸೆಂಟ್ ಎಲ್ಲರೆದುರು ಹೇಳಿದ್ದ. ಅಲ್ಲಿ ಅವಳ ಮುಂದೆ ಬಿಳಿ ವೈನಿನ ಮೂರು ಗ್ಲಾಸುಗಳನ್ನಿಟ್ಟು ಇದರಲ್ಲಿ ಫ್ರಾನ್ಸಿನ ಶಾಬ್ಲಿ ಯಾವುದು ಎಂದು ಕೇಳಿದ್ದರು. ಅವಳು ಮೂಸಿ, ರುಚಿ ನೋಡಿ, ಬಾಳೆಹಣ್ಣಿನ ವಾಸನೆಯ ಸಿಹಿಯಾದದ್ದನ್ನು ಧೈರ್ಯವಾಗಿ ಎತ್ತಿ ತೋರಿಸಿದ್ದಳು. ಅಷ್ಟಕ್ಕೇ ಬಿಡದೆ, ಪಕ್ಕದ ಗ್ಲಾಸಿನದು ಕೆಟ್ಟು ಹುಳಿಯಾಗಿದೆ, ಗಿರಾಕಿಗೆ ಕೊಡಬೇಡಿ ಎಂದೂ ಹೇಳಿದ್ದಳು. ಆ ಹುಳಿಯದೇ ಶಾಬ್ಲಿಯಾಗಿತ್ತು. ಪರೀಕ್ಷೆ ಮಾಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರಂತೆ. ಎಲ್ಲಿ ಕಲಿತದ್ದು ಎಂದು ಕೇಳಿದರಂತೆ. ಕಾಲೇಜಿನ ಹೆಸರು ಹೇಳಿದಾಗ ಮತ್ತೆ ನಕ್ಕರಂತೆ.

ವಿನ್ಸೆಂಟಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದು ಅವಳ ಮೇಲೆ. ಹೆದರಿಕೊಂಡು ಗ್ಲಾಸು ಅದಲು ಬದಲು ಮಾಡಿಕೊಂಡು, ನಿನ್ನ ಮೂಗು ಸರಿಯಿಲ್ಲದ್ದಕ್ಕೆ ಈಗ ಮೇಷ್ಟ್ರ ಮೇಲೆ ಹಾಕುತ್ತೀಯಾ ಎಂದು ಗದರಿದ. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ಪಾಠ ಮುಗಿಯುವವರೆಗೆ ಪೆನ್ನು ಮುಟ್ಟಲಿಲ್ಲ, ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಗದರುವಾಗಲೇ ಅವನಿಗೆ ಒಳಗೊಳಗೆ ಅಳುಕಿತ್ತು. ಏಕೆಂದರೆ ಆ ವೈನನ್ನು ಅವನು ಮೂಸಿರಲಿಲ್ಲ, ಬಾಯಿಗೂ ಹಾಕಿರಲಿಲ್ಲ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಜ್ವರ ಬಂದು ಹೋದ ಮೇಲೆ ಅವನ ಮೂಗು ಸತ್ತುಹೋಗಿತ್ತು. ಮೊದಮೊದಲು ಕಾಫಿಯೂ ಮೀನಿನ ಸಾರೂ ವೈನೂ ಎಲ್ಲವೂ ಸುಟ್ಟ ರಬ್ಬರಿನ ವಾಸನೆ ಹೊಡೆಯುತ್ತಿದ್ದವು. ಆಮೇಲೆ ಅದೂ ನಿಂತಿತು. ಡಾಕ್ಟರು ಕಾಯಿರಿ ಎಂದರು. ಕಾದ, ಬರಲಿಲ್ಲ. ವೈನ್ ಮೇಷ್ಟ್ರು ಮೂಗು ಕಳೆದುಕೊಂಡರೆ ಉಳಿಯುವುದೇನು? ತರಗತಿಯಲ್ಲಿ ಅವನು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನೆನಪಿನಲ್ಲಿದ್ದ ವಾಸನೆಗಳನ್ನು ಹೇಳತೊಡಗಿದ. ಒದ್ದೆ ಕಲ್ಲು, ಹಸಿ ಸೇಬು, ನಿಂಬೆ ಸಿಪ್ಪೆ. ರುಚಿ ನೀವು ನೋಡಿ, ನನ್ನದು ಎಷ್ಟೋ ಆಗಿದೆ ಎಂದು ನಗುತ್ತಿದ್ದ. ಮಕ್ಕಳು ಅವನು ಹೇಳಿದ್ದನ್ನೇ ಹುಡುಕಿ ಹುಡುಕಿ, ಹೌದು ಸರ್, ಬಂತು ಸರ್ ಎನ್ನುತ್ತಿದ್ದರು.

ತರಗತಿ ಖಾಲಿಯಾದ ಮೇಲೆ ಅವನು ಉಗ್ರಾಣದ ಕೋಣೆಗೆ ಹೋದ. ರುಚಿ ತರಗತಿಯ ಬಾಟಲಿಗಳು ಯಾವಾಗಲೂ ಆಫೀಸಿನಿಂದ ಬಿರಡೆ ಬಿಚ್ಚಿಕೊಂಡೇ ಬರುತ್ತಿದ್ದವು. ವೈನಿಗೆ ಗಾಳಿಯಾಡಲಿ, ಪಾಠದ ಸಮಯವೂ ಉಳಿಯುತ್ತದೆ ಎಂದು ನಿರ್ದೇಶಕ ಧನಂಜಯ ಹೇಳಿದ್ದ. ಬಿರಡೆ ಮೂಸುವ ಕೆಲಸ ತಪ್ಪಿತಲ್ಲ ಎಂದು ವಿನ್ಸೆಂಟಿಗೆ ಆಗ ಸಮಾಧಾನವೇ ಆಗಿತ್ತು. ಈಗ ಅವನು ಶಾಬ್ಲಿಯ ಚೀಟಿಯಿದ್ದ ಬಾಟಲಿಯಿಂದ ಒಂದಿಷ್ಟು ಸುರಿದುಕೊಂಡು ಬಾಯಿಗೆ ಹಾಕಿದ.

ಸಿಹಿ. ಸಿಹಿ ಅರಿಯಲು ಮೂಗು ಬೇಕಿಲ್ಲ, ಹುಳಿಯನ್ನು ಅರಿಯಲೂ ಬೇಕಿಲ್ಲ. ಹಲ್ಲಿನ ಸಂದಿಯಲ್ಲಿ ಚುಳ್ಳೆನ್ನಬೇಕಾದ ಹುಳಿಯ ಸುಳಿವೇ ಇರಲಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ರಟ್ಟಿನ ಡಬ್ಬದಲ್ಲಿ ನಲ್ಲಿ ಹಾಕಿ ಮಾರುವ ಅಗ್ಗದ ವೈನು ಅದು. ಬೋರ್ಡೋ ಎಂದು ಬರೆದಿದ್ದ ಕೆಂಪು ಬಾಟಲಿಯನ್ನು ತೆಗೆದ. ಬೋರ್ಡೋದ ನೊರಜುಗಲ್ಲಿನ ನೆಲದಲ್ಲಿ ಬೆಳೆದ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿಯ ವೈನು ಎಳೆಯದಿದ್ದಾಗ ವಸಡನ್ನು ಅಡಿಕೆ ಚೊಗರಿನಂತೆ ಬಿಗಿಹಿಡಿಯಬೇಕು. ಇದು ಶರಬತ್ತಿನಂತೆ ಜಾರಿ ಹೋಯಿತು. ರೋನ್ ಕಣಿವೆಯದು, ಬರ್ಗಂಡಿಯದು, ಎಲ್ಲವನ್ನೂ ನಾಲಿಗೆಗೆ ಹಚ್ಚಿ ನೋಡಿದ. ಬಿಳಿಯವೆಲ್ಲ ಒಂದೇ ವೈನು, ಕೆಂಪಿನವೆಲ್ಲ ಇನ್ನೊಂದೇ ವೈನು. ಚೀಟಿಗಳು ಮಾತ್ರ ಬೇರೆ ಬೇರೆ.

ಇಷ್ಟು ದಿನ ಒಂದೇ ಒಂದು ಗುಟುಕು ನುಂಗಿದ್ದರೂ ತಿಳಿಯುತ್ತಿತ್ತು. ನುಂಗಿರಲಿಲ್ಲ. ಆ ಯೋಚನೆ ಬಂದ ಕೂಡಲೇ ಅದನ್ನು ಬದಿಗೆ ತಳ್ಳಿ ಅವನು ಮೆಟ್ಟಿಲು ಹತ್ತಿ ಧನಂಜಯನ ಕೋಣೆಗೆ ನುಗ್ಗಿದ.

ಧನಂಜಯ ಮೈಸೂರಿನವನು. ಔಷಧಿ ಕಂಪನಿಯೊಂದಕ್ಕೆ ಮ್ಯಾನೇಜರಾಗಿ ಬಂದು, ಕೆಲಸ ಬಿಟ್ಟು, ಈ ಕಾಲೇಜು ಕಟ್ಟಿ, ಸ್ಪ್ರಿಂಗ್ ವ್ಯಾಲಿಯಲ್ಲಿ ಮನೆ ಮಾಡಿದವನು. ಕನ್ನಡ ಸಂಘದ ಹಬ್ಬದೂಟಗಳಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ವಯಸ್ಸಿನಲ್ಲಿ ವಿನ್ಸೆಂಟ್ ಹಿರಿಯನಾದರೂ ಒಬ್ಬರಿಗೊಬ್ಬರು ಬಹುವಚನದಲ್ಲೇ ಮಾತಾಡುತ್ತಿದ್ದರು.

"ಕೂತ್ಕೊಳ್ಳಿ ವಿನ್ಸೆಂಟ್. ಟೀ ಹೇಳ್ಲಾ?" ಎಂದ ಧನಂಜಯ.

"ಬಾಟಲಿಗೆ ಎಂತ ತುಂಬಿಸಿದ್ದು ನೀವು?"

ಧನಂಜಯ ಲ್ಯಾಪ್‌ಟಾಪ್ ಮುಚ್ಚಿದ. ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ. "ಓ, ಅದಾ. ನೋಡಿ, ಒರಿಜಿನಲ್ ಬಾಟಲ್ ಒಂದ್ಸಲ ತರಿಸಿದ್ವಿ, ಅವನ್ನೇ ಇಟ್ಕೊಂಡಿದೀವಿ. ಪ್ರತಿ ಬ್ಯಾಚ್‌ಗೂ ತರಿಸೋಕಾಗತ್ತಾ? ಈ ಮಕ್ಳಿಗೆ ಲೇಬಲ್ ಓದೋಕೆ ಬರ್ಬೇಕು, ಬಾಟಲ್ ಹಿಡಿಯೋಕೆ ಬರ್ಬೇಕು, ಹೆಸರು ಸರಿಯಾಗಿ ಹೇಳೋಕೆ ಬರ್ಬೇಕು. ಅವರ ನಾಲ್ಗೆಗೆ ಇದೇ ಜಾಸ್ತಿ."

"ಯಾವಾಗಿಂದ ಇದು?"

ಧನಂಜಯ ಮೇಜಿನ ಮೇಲಿದ್ದ ಕಾರಿನ ಕೀಗೊಂಚಲನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ. ಆ ಕೀಗೊಂಚಲು ನೋಡುತ್ತ ವಿನ್ಸೆಂಟಿಗೆ ಎಲ್ಲ ಹೊಳೆಯಿತು. ಒಂದು ವರ್ಷ ದೀಪಾವಳಿಯ ಊಟದಲ್ಲಿ ಹಳಸಿ ನಾತ ಬಂದಿದ್ದ ಪಲ್ಯ ಬಡಿಸಿದ್ದರು. ಎಲ್ಲರೂ ಎಲೆಯ ಅಂಚಿಗೆ ತಳ್ಳಿದಾಗ ಇವನೊಬ್ಬ ಸುಮ್ಮನೆ ತಿನ್ನುತ್ತಿದ್ದ. ಅದನ್ನು ಕಂಡು ಧನಂಜಯ ತನ್ನ ಕಾರಿನಲ್ಲಿ ಮನೆಗೆ ಬಿಡುತ್ತೇನೆಂದು ಕರೆದುಕೊಂಡು ಹೋಗಿದ್ದ. ಮೊಂಬಾಸಾ ರಸ್ತೆಯಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ಕೂತಿದ್ದಾಗ ವಿನ್ಸೆಂಟ್ ಅತ್ತು ಎಲ್ಲ ಹೇಳಿಕೊಂಡಿದ್ದ. ಧನಂಜಯ ಅವನ ಹೆಗಲ ಮೇಲೆ ಕೈಯಿಟ್ಟು, ಯಾರಿಗೂ ಹೇಳೋದು ಬೇಡ, ನಾನಿದೀನಿ ಎಂದಿದ್ದ. ಅದರ ಮುಂದಿನ ಸಾಲಿನಿಂದಲೇ ಬಾಟಲಿಗಳು ಬಿಚ್ಚಿಕೊಂಡು ಬರತೊಡಗಿದ್ದು.

"ನಾನು ನಿಮ್ಮ ಕಾರಿನಲ್ಲಿ ಹೇಳಿದ ಮೇಲೆ ಅಲ್ವಾ?"

"ನೀವು ಹೇಳಿದ್ರಿ, ಸರಿ. ನಾನು ಕೆಲಸದಿಂದ ತೆಗೆದ್ನಾ? ಬೇರೆ ಯಾರಾದ್ರೂ ಆಗಿದ್ರೆ ಮೂಗಿಲ್ಲದ ವೈನ್ ಮೇಷ್ಟ್ರನ್ನ ಒಂದು ದಿನ ಇಟ್ಕೋತಿದ್ರಾ?" ಧನಂಜಯನ ದನಿ ಮೆತ್ತಗೇ ಇತ್ತು. "ಈಗ ಹೋಗಿ ಎಲ್ರಿಗೂ ಸಾರ್ತೀನಿ ಅಂದ್ರೆ ಸಾರಿ. ಮೊದಲು ಕೇಳೋದು ನಿಮ್ಮನ್ನೇ. ಕುಡಿಸಿದ್ದು ಯಾರು, ಒದ್ದೆ ಕಲ್ಲು, ಹಸಿ ಸೇಬು ಅಂತ ಹೇಳ್ಕೊಟ್ಟಿದ್ದು ಯಾರು? ಯೋಚನೆ ಮಾಡಿ."

"ನನ್ನ ಮೂಗು ಹೋದದ್ದು ನಿನಗೆ ಅನುಕೂಲ ಆಯ್ತಲ್ಲ ಮಾರಾಯ."

ಅಷ್ಟು ವರ್ಷಗಳಲ್ಲಿ ಅವನನ್ನು ‘ನೀನು’ ಎಂದದ್ದು ಅದೇ ಮೊದಲು. ಧನಂಜಯನ ಮುಖ ಕೆಂಪಾದದ್ದು ಆ ಒಂದು ಮಾತಿಗೆ, ಉಳಿದ ಯಾವುದಕ್ಕೂ ಅಲ್ಲ.

ಸೌತ್ ಸಿ ಬಡಾವಣೆಗೆ ಹೋಗುವ ಮಟಾಟು ವ್ಯಾನಿನಲ್ಲಿ ಕಿಟಕಿಗೆ ಒತ್ತಿಕೊಂಡು ಕೂತು ವಿನ್ಸೆಂಟ್ ದಾರಿಯುದ್ದಕ್ಕೂ ಧನಂಜಯನಿಗೆ ಹೇಳಬೇಕಾಗಿದ್ದ ಮಾತುಗಳನ್ನು ಬಾಯೊಳಗೇ ಹೇಳಿಕೊಂಡ. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಚಾರ್ಜು ಕೊಟ್ಟ. ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಹೆಂಡತಿ ಸಿಲ್ವಿಯಾಗೆ ಎಲ್ಲ ಹೇಳಿದ. ಅವಳು ಪಕ್ಕದ ಸೌತ್ ಬಿಯ ಶಾಲೆಯೊಂದರಲ್ಲಿ ಲೆಕ್ಕದ ಟೀಚರು. ಬಂಗಡೆ ಹುರಿಯುತ್ತಿದ್ದವಳು ಒಲೆ ಆರಿಸಿ ಪೂರ್ತಿ ಕೇಳಿಸಿಕೊಂಡಳು. ಮೂಗಿನ ವಿಷಯ ಮುಚ್ಚಿಡಬೇಡಿ ಎಂದು ಮೊದಲ ದಿನದಿಂದ ಹೇಳಿದವಳು ಅವಳು.

ಆಮೇಲೆ ಕೊಂಕಣಿಯಲ್ಲಿ ಹೇಳಿದಳು. "ಆ ಮಕ್ಕಳಿಗೆ ಇಬ್ಬರು ಸೇರಿ ಮೋಸ ಮಾಡಿದ್ದೀರಿ. ನಿಮ್ಮ ಸಿಟ್ಟು ಒಬ್ಬನ ಮೇಲೆ ಮಾತ್ರ ಇದೆ."

ಅವನಿಗೆ ತಟ್ಟೆ ಎತ್ತಿ ಎಸೆಯುವಷ್ಟು ಕೋಪ ಬಂತು. ಎಸೆಯಲಿಲ್ಲ. ಗೇಟು ದಾಟಿ ಹೊರಗೆ ಹೋಗಿ, ಬಡಾವಣೆಯ ರಸ್ತೆಯಲ್ಲಿ ಬೇಲಿ ಗಿಡಗಳ ಪಕ್ಕ ನಡೆದ, ಕಾವಲುಗಾರರ ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ. ಅವಳು ಹೇಳಿದ್ದು ಸುಳ್ಳೆಂದು ತನಗೆ ತಾನೇ ವಾದಿಸಿಕೊಂಡ. ತಾನು ಯಾವ ಬಾಟಲಿಗೂ ಏನನ್ನೂ ತುಂಬಿಲ್ಲ. ತಾನು ಹೇಳಿದ ಪಾಠದ ಒಂದಕ್ಷರವೂ ತಪ್ಪಿಲ್ಲ. ಆದರೆ ಮುಥೋನಿ ಆ ಹೋಟೆಲಿನಲ್ಲಿ ಸಿಹಿ ಗ್ಲಾಸನ್ನು ಎತ್ತಿ ತೋರಿಸುವುದು ಮತ್ತೆ ಮತ್ತೆ ಕಣ್ಣೆದುರು ಬಂತು. ಅಷ್ಟು ಧೈರ್ಯದಿಂದ ಅವಳು ಎತ್ತಿದ್ದು ಅವನ ಮಾತು ನಂಬಿ. ಅವನು ಹೇಳಿದ ಹಸಿ ಸೇಬಿನ ವಾಸನೆ ಆ ಡಬ್ಬದ ವೈನಿನಲ್ಲಿ ಅವಳಿಗೆ ಸಿಗದಿದ್ದಾಗ, ಅವಳು ಅನುಮಾನಿಸಿದ್ದು ತನ್ನ ಮೂಗನ್ನೇ ಇರಬೇಕು.

ಬುಧವಾರ ಕಾಲೇಜಿಗೆ ಹೋಗುವ ದಾರಿಯಲ್ಲಿ ವೆಸ್ಟ್‌ಲ್ಯಾಂಡ್ಸ್‌ನ ವೈನ್ ಅಂಗಡಿಗೆ ಹೋಗಿ ಎರಡು ಬಾಟಲಿ ಅಸಲಿ ಶಾಬ್ಲಿ ಕೊಂಡ. ತರಗತಿಗೆ ಬಂದರೆ ಹಿಂದಿನ ಬೆಂಚಿನಲ್ಲಿ ಧನಂಜಯ ಕೈಕಟ್ಟಿ ಕೂತಿದ್ದ. ಪಾಠ ನೋಡಲು ಬಂದಿದ್ದೇನೆ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದನಂತೆ. ಹೆದರಿಸಲು ಕೂತಿದ್ದಾನೆಂದು ವಿನ್ಸೆಂಟಿಗೆ ಗೊತ್ತಿತ್ತು. ಅವನು ಅಲ್ಲಿ ಕೂರದೇ ಹೋಗಿದ್ದರೆ, ಏನು ಹೇಳಬೇಕೋ ಅದರಲ್ಲಿ ಅರ್ಧವನ್ನು ವಿನ್ಸೆಂಟ್ ನುಂಗಿಬಿಡುತ್ತಿದ್ದನೇನೋ.

ಒಬ್ಬೊಬ್ಬರ ಮುಂದೆ ಎರಡೆರಡು ಗ್ಲಾಸು ಇಟ್ಟ. ಒಂದಕ್ಕೆ ಕಾಲೇಜಿನ ಬಾಟಲಿಯದು, ಇನ್ನೊಂದಕ್ಕೆ ತಾನು ತಂದದ್ದು. ಹೆಸರು ಹೇಳಬೇಡಿ, ನಾಲಿಗೆಗೆ ಏನು ಅನಿಸುತ್ತದೆ ಅಷ್ಟೇ ಹೇಳಿ ಎಂದ. ಎರಡನೆಯದನ್ನು ಬಾಯಿಗೆ ಹಾಕಿದವರೆಲ್ಲ ಮುಖ ಕಿವುಚಿದರು. ಮುಥೋನಿ ಎರಡನೆಯ ಗ್ಲಾಸನ್ನು ಮೂಸಿ ಕೆಳಗಿಟ್ಟು, ಇದೇ ನಾನು ಕೆಟ್ಟಿದೆ ಎಂದದ್ದು ಎಂದಳು.

ಅವನು ಬೋರ್ಡಿನ ಮೇಲೆ ಬರ್ಗಂಡಿಯ ಉತ್ತರದ ತುದಿಯಲ್ಲಿ ಒಂದು ಚುಕ್ಕಿಯಿಟ್ಟ. ಶಾಬ್ಲಿ ಅಲ್ಲಿದೆ. ಬೆಳೆಯುವುದು ಶಾರ್ಡೊನೆ ಎಂಬ ಒಂದೇ ದ್ರಾಕ್ಷಿ. ನೆಲದಲ್ಲಿ ಸುಣ್ಣದ ಕಲ್ಲು. ಒಂದು ಕಾಲದಲ್ಲಿ ಅಲ್ಲಿ ಸಮುದ್ರವಿತ್ತು, ಕಲ್ಲು ಒಡೆದರೆ ಇವತ್ತಿಗೂ ಪುಟ್ಟ ಸಿಂಪಿಯ ಚಿಪ್ಪುಗಳು ಸಿಗುತ್ತವೆ. ವಸಂತದಲ್ಲಿ ಚಿಗುರು ಬಂದ ಮೇಲೂ ಹಿಮ ಬೀಳುತ್ತದೆ. ಬಳ್ಳಿ ಸಾಯದಿರಲೆಂದು ರೈತರು ಸಾಲುಗಳ ನಡುವೆ ಡಬ್ಬಗಳಲ್ಲಿ ಮೇಣ ಉರಿಸಿಟ್ಟು ಕಾಯುತ್ತಾರೆ. ಅಂಥ ಚಳಿಯಲ್ಲಿ ಹಣ್ಣಿಗೆ ಸಕ್ಕರೆ ಕೂಡುವುದು ನಿಧಾನ, ಹುಳಿ ಬಿಟ್ಟುಹೋಗುವುದಿಲ್ಲ. ಮಚಾಕೋಸಿನ ಬಿಸಿಲಿನ ಸಿಹಿ ಮಾವು ಒಂದು ಕಡೆ, ಲಿಮುರುವಿನ ಮಂಜಿನಲ್ಲಿ ಬೆಳೆದ ಹುಳಿ ಟ್ರೀ ಟೊಮೇಟೊ ಹಣ್ಣು ಇನ್ನೊಂದು ಕಡೆ. ಈ ಹುಳಿಗಾಗಿಯೇ ಜನ ಶಾಬ್ಲಿ ಕೇಳುತ್ತಾರೆ. "ಮೊದಲನೆಯ ಗ್ಲಾಸಿನಲ್ಲಿ ಇರುವುದು ಶಾಬ್ಲಿ ಅಲ್ಲ" ಎಂದ. "ಈ ಕಾಲೇಜಿನಲ್ಲಿ ನೀವು ಕುಡಿದ ಯಾವುದೂ ಬಾಟಲಿಯ ಮೇಲೆ ಬರೆದದ್ದಲ್ಲ."

ಧನಂಜಯ ಎದ್ದು ನಿಂತ. ಮಕ್ಕಳಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಹೇಳಿದ. "ವಿನ್ಸೆಂಟ್, ಸಾಕು. ಹೊರಗೆ ಬನ್ನಿ, ಮಾತಾಡೋಣ."

ವಿನ್ಸೆಂಟ್ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ನಿರ್ದೇಶಕರು ನನ್ನನ್ನು ಹೊರಗೆ ಕರೆಯುತ್ತಿದ್ದಾರೆ, ಹೋಗುವ ಮೊದಲು ಇನ್ನೊಂದು ಮಾತಿದೆ ಎಂದು ವಿದ್ಯಾರ್ಥಿಗಳಿಗೆ ಹೇಳಿದ. ತನಗೆ ವಾಸನೆ ಬರುವುದಿಲ್ಲ, ಬರದೆ ಮೂರು ವರ್ಷ ದಾಟಿದೆ ಎಂದ. ಗ್ಲಾಸು ಮೂಸಿದಂತೆ ನಟಿಸಿದೆ, ನೆನಪಿನಿಂದ ಹೇಳಿದೆ, ಒಂದು ಗುಟುಕೂ ರುಚಿ ನೋಡಲಿಲ್ಲ, ನೋಡಿದ್ದರೆ ಈ ಮೋಸ ಅವತ್ತೇ ತಿಳಿಯುತ್ತಿತ್ತು ಎಂದ. ಇದು ನಿರ್ದೇಶಕರಿಗೆ ಗೊತ್ತಿತ್ತು, ಗೊತ್ತಾದ ಮೇಲೆಯೇ ಅವರು ವೈನು ಬದಲಾಯಿಸಿದರು ಎಂದೂ ಹೇಳಿದ. 

ಧನಂಜಯ ಬಾಗಿಲನ್ನು ಧಡಾರೆಂದು ಹಾಕಿಕೊಂಡು ಹೋದ.

ಕೋಣೆಯಲ್ಲಿ ಗಲಾಟೆ ಎದ್ದಿತು. ಒಬ್ಬ ತನ್ನ ಮೊದಲ ಗ್ಲಾಸನ್ನು ತೆಗೆದುಕೊಂಡು ಹೋಗಿ ತೊಟ್ಟಿಯಲ್ಲಿ ಸುರಿದ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸುರಿದರು. ವಿನ್ಸೆಂಟ್ ಕಾದು ನಿಂತಿದ್ದ. ಯಾರಾದರೂ ಬಂದು ಕೈ ಹಿಡಿಯುತ್ತಾರೆ, ಕೆಲಸ ಹೋದರೂ ಸರಿಯೆಂದು ಸತ್ಯ ಹೇಳಿದಿರಿ ಎನ್ನುತ್ತಾರೆ ಎಂಬ ಆಸೆ ಅವನ ಮನಸ್ಸಿನ ಮೂಲೆಯಲ್ಲಿತ್ತು. ಬಂದದ್ದು ಮುಥೋನಿ.

"ನಿರ್ದೇಶಕರು ಕಳ್ಳರು, ಅದು ನನಗೆ ಅರ್ಥವಾಗುತ್ತದೆ" ಎಂದಳು. "ನೀವು ಮೊನ್ನೆ ನನ್ನನ್ನು ಎಲ್ಲರೆದುರು ಹೆದರುಪುಕ್ಕಲಿ ಎಂದಿರಿ. ನಿಮಗೆ ಮೂಗಿಲ್ಲ ಎಂದು ಗೊತ್ತಿದ್ದೂ ನನ್ನ ಮೂಗು ಸರಿಯಿಲ್ಲ ಎಂದಿರಿ."

ಅವನು ಕ್ಷಮಿಸು ಎಂದ. ಅವಳು ಚೀಲ ಹೆಗಲಿಗೇರಿಸಿ ಹೊರಟುಹೋದಳು. ವಿನ್ಸೆಂಟಿಗೆ ನಾಚಿಕೆಗಿಂತ ಮೊದಲು ಸಿಟ್ಟೇ ಬಂತು. ಇಷ್ಟೆಲ್ಲ ಕಳೆದುಕೊಂಡು ಹೇಳಿದ್ದಕ್ಕೆ ಇದೇನು ಪ್ರತಿಫಲ ಎಂದು ಮನೆ ಮುಟ್ಟುವವರೆಗೂ ಕುದಿದ. ಸಿಲ್ವಿಯಾ ಅವನಾಗಿ ಹೇಳುವವರೆಗೆ ಕಾದಳು. ಹೇಳಿದ ಮೇಲೆ, ಆ ಹುಡುಗಿಯ ಜಾಗದಲ್ಲಿ ತಾನಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ ಎಂದಳು.

ಕೆಲಸ ಅವತ್ತು ಸಂಜೆಯೇ ಹೋಯಿತು. ವಿನ್ಸೆಂಟ್ ಕುಡಿದು ತರಗತಿಗೆ ಬರುತ್ತಿದ್ದ, ಅದಕ್ಕೇ ತೆಗೆದೆ ಎಂದು ಧನಂಜಯ ಸಂಘದ ಬಳಗದಲ್ಲಿ ಹಬ್ಬಿಸಿದ. ಕೆಲವರು ನಂಬಿದರು. ನಂಬದವರೂ ಧನಂಜಯನನ್ನು ಎದುರು ಹಾಕಿಕೊಳ್ಳಲು ಹೋಗಲಿಲ್ಲ. ಹಬ್ಬದೂಟದ ಕರೆ ಬರುವುದು ನಿಂತಿತು.

ಆದರೆ ವಿದ್ಯಾರ್ಥಿಗಳು ಬಿಡಲಿಲ್ಲ. ಮುಥೋನಿಯನ್ನು ಮುಂದೆ ಮಾಡಿಕೊಂಡು ಕಾಲೇಜಿನ ಮೆಟ್ಟಿಲ ಮೇಲೆ ಕೂತರು, ಹೊಸದಾಗಿ ಸೇರಲು ಬಂದವರಿಗೆಲ್ಲ ಕಥೆ ಹೇಳಿದರು. ಕೊನೆಗೆ ಧನಂಜಯನಿಗೆ ಬೇರೆ ದಾರಿಯಿರಲಿಲ್ಲ. ಅಸಲಿ ಬಾಟಲಿಗಳು ಬಂದವು, ಎಲ್ಲರ ಕಣ್ಣೆದುರು ಬಿರಡೆ ತೆಗೆಸಿದರು. ಹೋಟೆಲೊಂದರಲ್ಲಿ ವೈನ್ ಬಡಿಸುತ್ತಿದ್ದ ಹೊಸ ಮೇಷ್ಟ್ರು ಬಂದು ರುಚಿ ತರಗತಿಗಳನ್ನು ಮೊದಲಿನಿಂದ ನಡೆಸಿದ. ಇದೆಲ್ಲ ವಿನ್ಸೆಂಟಿಗೆ ಬೇರೆಯವರ ಬಾಯಿಂದ ತಿಳಿಯಿತು. ಅವನನ್ನು ಯಾರೂ ಕರೆಯಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ, ಆಕಾಶ ಬೂದಿ ಬಳಿದಂತೆ ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ, ಮುಥೋನಿ ಸೌತ್ ಸಿಯ ಅವನ ಮನೆಯ ಗೇಟಿಗೆ ಬಂದಳು. ಸಿಲ್ವಿಯಾ ಒಳಗೆ ಕರೆದು ಚಹಾ ಕೊಟ್ಟಳು. ಮುಥೋನಿ ಕುರ್ಚಿಯ ತುದಿಯಲ್ಲಿ ಕೂತು, ತಾನು ಬಂದದ್ದು ರಾಜಿಯಾಗಲು ಅಲ್ಲ ಎಂದು ಮೊದಲೇ ಹೇಳಿದಳು. ಇನ್ನೊಂದು ಹೋಟೆಲಿನಲ್ಲಿ ಪರೀಕ್ಷೆಯಿದೆ. ಹೊಸ ಮೇಷ್ಟ್ರು ಏನು ವಾಸನೆ ಬರುತ್ತದೆಂದು ಹೇಳುತ್ತಾನೆ, ಏಕೆ ಬರುತ್ತದೆಂದು ಅವನಿಗೆ ಗೊತ್ತಿಲ್ಲ. ನೆಲ, ಗಾಳಿ, ಚಳಿ, ಅದೆಲ್ಲ ಬೇಕು. ಅದಷ್ಟನ್ನು ಹೇಳಿಕೊಡಿ, ಸಾಕು.

ಇವಳಿಗೆ ಎಷ್ಟು ಸೊಕ್ಕು ಎಂದು ವಿನ್ಸೆಂಟಿಗೆ ಅನಿಸಿತು. ಹೇಳಿಕೊಡುವುದಿಲ್ಲ, ಹೋಗು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಉತ್ತರ ರೋನ್ ಕಣಿವೆಯ ಸಿರಾ ದ್ರಾಕ್ಷಿಯ ಕೆಂಪು ವೈನು, ಯಾರೂ ಬಿಚ್ಚಿರದ ಬಾಟಲಿ. ಅವನು ಬಿರಡೆ ತೆಗೆದು ಒಂದೇ ಗ್ಲಾಸಿಗೆ ಸುರಿದು ಅವಳ ಕಡೆ ತಳ್ಳಿದ.

ಕಡಿದಾದ ಕಲ್ಲಿನ ಇಳಿಜಾರು, ಯಂತ್ರ ಹತ್ತುವುದಿಲ್ಲ, ಎಲ್ಲ ಕೈಯಲ್ಲೇ ಆಗಬೇಕು ಎಂದು ಹೇಳಿದ. ಉತ್ತರದಿಂದ ಮಿಸ್ತ್ರಾಲ್ ಎಂಬ ಗಾಳಿ ಬೀಸುತ್ತದೆ, ಬಳ್ಳಿ ಮುರಿಯುವಷ್ಟು ಜೋರು. ಅದಕ್ಕೇ ಒಂದೊಂದು ಬಳ್ಳಿಗೂ ಊರುಗೋಲು ಕಟ್ಟುತ್ತಾರೆ. ಅದೇ ಗಾಳಿ ಎಲೆಯ ತೇವ ಒಣಗಿಸಿ ಬೂಷ್ಟು ಬಾರದಂತೆ ಕಾಯುತ್ತದೆ. ದಕ್ಷಿಣಕ್ಕೆ ಇಳಿದರೆ ಅದೇ ದ್ರಾಕ್ಷಿ ಬಿಸಿಲಿಗೆ ಜಾಮಿನಂತಾಗುತ್ತದೆ, ಇಲ್ಲಿ ಚಳಿ ಇರುವುದರಿಂದ ಬೇರೇನೋ ಉಳಿಯುತ್ತದೆ. "ಏನು ಉಳಿದಿದೆ? ನಾನು ಹೇಳುವುದಿಲ್ಲ, ನೀನು ಹೇಳು."

ಅವಳು ಬಹಳ ಹೊತ್ತು ಮೂಸಿದಳು. ಕರಿಮೆಣಸು ಎಂದಳು. ಆಮೇಲೆ, ಕಪ್ಪು ಹಣ್ಣು ಯಾವುದೋ, ಹೊಗೆ ಹಾಕಿದ ಮಾಂಸ ಎಂದಳು. ಸರಿಯೋ ತಪ್ಪೋ ಎಂದು ಅವನ ಮುಖ ನೋಡಲಿಲ್ಲ.

ಆ ಕರಿಮೆಣಸಿನ ವಾಸನೆ ತನಗೆ ಇನ್ನು ಬರುವುದಿಲ್ಲ ಎಂದು ವಿನ್ಸೆಂಟಿನ ಹೊಟ್ಟೆ ಉರಿಯಿತು. ಅವಳ ಕೈಯಿಂದ ಗ್ಲಾಸು ಕಿತ್ತುಕೊಳ್ಳಬೇಕೆನ್ನಿಸಿತು. ಮತ್ತೊಮ್ಮೆ ಮೂಸು ಎಂದ. ಅವಳು ಮೂಸಿದಳು. ಚಹಾ ಆರುವವರೆಗೆ, ಆರಿ ಸಿಲ್ವಿಯಾ ಮತ್ತೆ ಬಿಸಿ ಮಾಡಿ ತರುವವರೆಗೆ ಅವನು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋಗುತ್ತ, ಅವಳನ್ನು ಅಡ್ಡ ಪ್ರಶ್ನೆ ಕೇಳುತ್ತ, ತಪ್ಪಿದಾಗ ಗದರುತ್ತ ಪಾಠ ಮಾಡಿದ. ಅವಳು ಗದರಿಕೆಗೆ ಗದರಿಕೆಯಲ್ಲೇ ಉತ್ತರ ಕೊಟ್ಟಳು. ಹೊರಡುವಾಗ ಸಿಲ್ವಿಯಾಗೆ ಸ್ವಾಹಿಲಿಯಲ್ಲಿ ಅಸಾಂಟೆ ಎಂದು ಧನ್ಯವಾದ ಹೇಳಿದಳು. ಅವನಿಗೆ ತಲೆಯಾಡಿಸಿದಳು, ಅಷ್ಟೆ.

ಕೆಲಸ ಸಿಕ್ಕ ಸುದ್ದಿಯನ್ನು ಅವಳು ಫೋನು ಮಾಡಿ ಹೇಳಲಿಲ್ಲ. ಅವಳ ಸಹಪಾಠಿಯೊಬ್ಬ ಸೌತ್ ಸಿಯ ತರಕಾರಿ ಅಂಗಡಿಯಲ್ಲಿ ಎದುರಾದಾಗ ಹೇಳಿದ. ವಿನ್ಸೆಂಟ್ ಟೊಮೇಟೊ ಆರಿಸುವುದನ್ನು ಬಿಟ್ಟು, ಯಾವ ಹೋಟೆಲು, ಯಾವ ವೈನು ಕೊಟ್ಟು ಕೇಳಿದರು, ಅವಳು ಏನೆಂದಳು ಎಂದು ಒಂದೊಂದಾಗಿ ವಿಚಾರಿಸಿದ. ಮನೆಗೆ ಬಂದು ಸಿಲ್ವಿಯಾಗೆ ಹೇಳುವಾಗ ಅವನ ದನಿಯಲ್ಲಿ ಇನ್ನೂ ಸಿಟ್ಟಿತ್ತು, ಒಂದು ಫೋನು ಮಾಡಬಾರದಿತ್ತೇ ಎಂದು. ಸಿಲ್ವಿಯಾ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಅವನೂ ನಕ್ಕ, ಆದರೆ ಪೂರ್ತಿಯಾಗಿ ಅಲ್ಲ.